ಸಿಗದ ಕಣಕ್ಕೆ ಸನ್ಮಾನ

ಪೇಟದ ಒಳಗೆ ಬೇರೆ ಯಾರದೋ ತಲೆಯೆಣ್ಣೆಯ ವಾಸನೆ ಇತ್ತು. ರಶ್ಮಿಗೆ ಹೇಸಿಗೆಯೆನಿಸಿತು.

ಅವಳ ಜೊತೆ ಕೆಲಸ ಮಾಡುವ ಅಮರೇಶನ ಮನೆಯವರು ಸಿರುಗುಪ್ಪದಿಂದ ಕುರುಗೋಡಿನ ಅವಳ ಮನೆಗೆ ಹೆಣ್ಣು ನೋಡಲು ಬಂದಿದ್ದರು. ತಿನ್ನಲು ಕೊಟ್ಟ ವಗ್ಗರಣಿ-ಮಿರ್ಚಿ ಮುಟ್ಟುವ ಮೊದಲೇ ಅವನ ದೊಡ್ಡಪ್ಪ ಗಾದಿಲಿಂಗಪ್ಪ ಎದ್ದು, ಅವಳ ತಲೆಗೆ ಬಾಡಿಗೆ ಪೇಟ ಇಟ್ಟು ಹೆಗಲಿಗೆ ಶಾಲು ಹೊದಿಸಿದ. ಜಗತ್ತಿನ ವಿಜ್ಞಾನಿಗಳೆಲ್ಲ ಹುಡುಕುತ್ತಿರುವ ಕಣ ನಮ್ಮ ಸೊಸೆಗೆ ಸಿಕ್ಕಿದೆ ಎಂದು ಫೋನಿನ ಕ್ಯಾಮೆರಾಕ್ಕೆ ಭಾಷಣ ಮಾಡಿದ. ಮಾತಿನ ಜೊತೆ ಎಲೆಯಡಿಕೆಯ ಕೆಂಪು ಹನಿಯೊಂದು ಹಾರಿ ಶಾಲಿನ ಮೇಲೆ ಕೂತಿತು.

ರಶ್ಮಿ ಅಮರೇಶನ ಕಡೆ ನೋಡಿದಳು. ಬಳ್ಳಾರಿಯ ಲ್ಯಾಬಿನಲ್ಲಿ, ಅವಳು ತಲೆಯೆತ್ತುವುದನ್ನೇ ಕಾದು ನಗುತ್ತಿದ್ದ ಕಣ್ಣುಗಳು ಈಗ ಮಿರ್ಚಿಯ ತಟ್ಟೆ ಬಿಟ್ಟು ಏಳಲಿಲ್ಲ. ಕಣ ಸಿಕ್ಕಿತೆಂಬ ಸುಳ್ಳು ಯಾರದೆಂದು ಅವಳಿಗೆ ತಿಳಿಯಿತು.

ಅವನಿಗೇನು ಗೊತ್ತಿರಲಿಲ್ಲವೇ? ಎಲೆಕ್ಟ್ರಾನ್, ಪಾಸಿಟ್ರಾನ್‌ಗಳನ್ನು ಡಿಕ್ಕಿ ಹೊಡೆಸಿ ಆ ಕಣವನ್ನು ಹುಡುಕಬೇಕಾದ ಹೊಸ ಯಂತ್ರವನ್ನು ಜಗತ್ತಿನಲ್ಲಿ ಇನ್ನೂ ಯಾರೂ ಕಟ್ಟಿಲ್ಲ. ಕಟ್ಟಿದ ಮೇಲೆ ಸೂಪರ್‌ಸಿಮ್ಮೆಟ್ರಿ ಎಂಬ ಸಿದ್ಧಾಂತ ಊಹಿಸುವ ಕಣ ಇದ್ದರೆ ಅದರ ಗುರುತು ಹೇಗಿದ್ದೀತು ಎಂದು ಇಬ್ಬರೂ ಕಂಪ್ಯೂಟರಿನಲ್ಲಿ ಲೆಕ್ಕ ಹಾಕುತ್ತಿದ್ದರು. ಆ ಕಣ ಕಾಣುವುದಿಲ್ಲ. ಡಿಕ್ಕಿಗೆ ಮುಂಚೆ ಇದ್ದ ಶಕ್ತಿಯಲ್ಲಿ ಎಷ್ಟು ಕಾಣೆಯಾಯಿತೋ ಅದೇ ಅದರ ಹೆಜ್ಜೆಗುರುತು. ಅಂಥ ಕೆಲಸದಲ್ಲಿ ಸುಳ್ಳೊಂದು ಸೇರಿದರೆ ಉಳಿಯುವುದೇನು?

ಪೇಟ, ಶಾಲು ತೆಗೆದಿಟ್ಟು ಅವಳು ಹಿತ್ತಿಲಿಗೆ ಹೋಗಿ ಹಣೆ ತಿಕ್ಕಿ ತೊಳೆದಳು. ಅಮರೇಶ ಹಿಂದೆಯೇ ಬಂದ.

"ಐತೋ ಇಲ್ಲೋ ಗೊತ್ತಿಲ್ಲದ್ದನ್ನ ಹುಡುಕ್ತಾಳ ಅಂದ್ರ ಮನ್ಯಾಗ ಒಪ್ಪಂಗಿಲ್ಲ ಅಂತ ಅಂಜಿದೆ. ನಿನ್ನ ಕಳಕೊಳ್ಳಾಕ ಆಗಲಿಲ್ಲ, ರಶ್ಮಿ."

"ಚೆಂದ ಮಾತು. ಅದಕ್ಕೂ ಆ ಪೇಟದ್ದ ವಾಸನಿ ಐತಿ."

ಸಂಜೆ ಸಂಜೆ ಅಜ್ಜಿ ಜಂಬಮ್ಮನ ಮುಂದೆ ಕೂತು ವಚನ ಹೇಳಿ ಬೆಳೆದವಳು ರಶ್ಮಿ. ನಡುವೆ ಒಂದು ಪದ ತಪ್ಪಿದರೂ ಅಜ್ಜಿ ತಿದ್ದುತ್ತಿರಲಿಲ್ಲ. ದೇವರ ಮುಂದೆ ತೇಪೆ ಹಾಕಬಾರದು, ಮೊದಲಿಂದ ಹೇಳಬೇಕು ಎನ್ನುತ್ತಿದ್ದಳು.

"ತಪ್ಪೀದಿ. ಮೊದಲಿಂದ ಹೇಳು, ಅವರ ಮುಂದ. ಇಲ್ಲಾಂದ್ರ ಪೇಟ ತಗೊಂಡು ಸಿರುಗುಪ್ಪಕ್ಕ ನಡಿ," ಎಂದಳು ರಶ್ಮಿ ಅಮರೇಶನಿಗೆ.

ಅವನು ಒಳಗೆ ಹೋದ. ಫೋನು ಇನ್ನೂ ವಿಡಿಯೊ ತೆಗೆಯುತ್ತಲೇ ಇತ್ತು.

"ಮೊದಲಿಂದ ಹೇಳ್ತೀನಿ ದೊಡ್ಡಪ್ಪ. ಕಣ ಸಿಕ್ಕಿಲ್ಲ. ಹುಡುಕೋ ಯಂತ್ರಾನೂ ಕಟ್ಟಿಲ್ಲ. ಆ ಕಣ ಇರಬಹುದು, ಇಲ್ಲದೇನೂ ಇರಬಹುದು. ನಾ ಸುಳ್ಳು ಹೇಳೀನಿ. ಅಕಿ ಈ ಕೆಲಸ ಬಿಡಂಗಿಲ್ಲ. ನೀವು ಒಲ್ಲೆ ಅಂದ್ರೂ ನನಗ ಅಕೀನ ಬೇಕು."

ಗಾದಿಲಿಂಗಪ್ಪ ಎಲೆಯಡಿಕೆ ನುಂಗಿದ. ಹಾಗಾದರೆ ಈ ಶಾಲು ಯಾರಿಗೆ ಎಂದು ಕೇಳಿದ.

"ಈಗ ಖರೇ ಹೇಳಿದನಲ್ರಿ, ಅವಗ ಹೊದಸ್ರಿ," ಎಂದಳು ಮೂಲೆಯಲ್ಲಿದ್ದ ಜಂಬಮ್ಮ.

ಶಾಲು ಹೊದ್ದು ಪೆಚ್ಚಾಗಿ ನಿಂತವನ ಹತ್ತಿರ ರಶ್ಮಿ ಬಂದಳು.

"ಇನ್ನೂ ಹೇಸಿಗಿ ಐತೇನು?" ಅವನ ದನಿ ಅವಳಿಗಷ್ಟೇ ಕೇಳಿಸಿತು.

"ಐತಿ," ಎಂದಳು. ಲ್ಯಾಬಿನಲ್ಲಿ ಲೆಕ್ಕ ಒಪ್ಪಿಸುವ ದನಿಯಲ್ಲೇ, "ಆಗಿನಕಿಂತ ಕಡಿಮಿ ಐತಿ," ಎಂದಳು.

ಆಮೇಲೆ ಸೆರಗಿನ ಒದ್ದೆ ತುದಿಯಿಂದ ಅವನ ಹೆಗಲ ಮೇಲಿನ ಶಾಲಿಗೆ ಅಂಟಿದ್ದ ಕೆಂಪು ಹನಿಯನ್ನು ಒರೆಸತೊಡಗಿದಳು.