ಅಣ್ಣನ ಗೋಡೆ, ತಮ್ಮನ ಗಾರೆ

ಈ ಕತೆ ಕೇಳಿದ ಏಳು ಗೋಡೆಗಳು ನಿಂತಲ್ಲೇ ಕುಸಿದಿವೆ. ಎಂಟನೆಯದು ಉಳಿದದ್ದು ನಾನು ಕರುಣೆಯಿಂದ ಬಾಯಿ ಮುಚ್ಚಿದ್ದಕ್ಕೆ. ಆದ್ದರಿಂದ ಗೋಡೆಗೆ ಒರಗಿ ಕೂತವರು ಒಂದು ಮಾರು ಮುಂದೆ ಬನ್ನಿ. ನನ್ನ ಅಣ್ಣನ ಮಗಳು ಮಾತ್ರ ಕದಲುತ್ತಿಲ್ಲ. ಇರಲಿ, ಅವಳಿಗೆ ನನ್ನ ಮೇಲೆ ಮೊದಲಿಂದಲೂ ಅನುಮಾನ.

ಎಲ್ಲೋ ದೂರದ ಊರಲ್ಲಿ ಒಬ್ಬ ದರ್ಜಿ. ತನ್ನ ಪಾಲಿಗೆ ಬಂದ ಮನೆಗೆ ಹೆಂಡತಿಯೊಡನೆ ಹೊಸದಾಗಿ ಬಂದಿದ್ದ. ಪಕ್ಕದ ಪಾಲು ಅವನ ಅಣ್ಣನದು. ಎರಡಕ್ಕೂ ಒಂದೇ ಕಾಲದ ಸುಣ್ಣದ ಗಾರೆ. ಅಣ್ಣ ಸಡಿಲವಾದಷ್ಟನ್ನೇ ಕಿತ್ತು ಸುಣ್ಣದಲ್ಲೇ ತೇಪೆ ಹಾಕಿಸಿದ್ದ. ಆ ಗೋಡೆ ಹಾಲಿನ ಕೆನೆಯಂತೆ ಹೊಳೆಯುತ್ತಿತ್ತು. ದಾರಿಹೋಕರು ನಿಂತು ಸವರಿ ಹೋಗುತ್ತಿದ್ದರು. ಒಂದು ಹಸು ಕನ್ನಡಿಯೆಂದು ಮುಖ ನೋಡಿಕೊಂಡಿತೆಂದರೆ ನೀವು ನಂಬಲೇಬೇಕು. ಹೊಲಿಗೆ ಯಂತ್ರದ ಮುಂದೆ ಕೂತ ದರ್ಜಿಗೆ ಒಂದೊಂದು ಹೊಗಳಿಕೆಯೂ ಸೂಜಿಯಾಗಿ ನಾಟುತ್ತಿತ್ತು. ಹೊಟ್ಟೆಯಲ್ಲಿ ಇಸ್ತ್ರಿಪೆಟ್ಟಿಗೆಯ ಕೆಂಡ.

ದರ್ಜಿ ತನ್ನ ಗೋಡೆಗೆಂದು ಕರೆಸಿದ ಮುದಿ ಗಾರೆ ಮೇಸ್ತ್ರಿ ಬಂದ. ಬೆರಳ ಗೆಣ್ಣಿನಿಂದ ಗೋಡೆಯುದ್ದಕ್ಕೂ ತಟ್ಟುತ್ತಾ ಹೋದ. ಟಕ್, ಟಕ್, ಟಕ್. ಗಾರೆ ಬಿಟ್ಟು ಒಳಗೆ ಪೊಳ್ಳಾಗಿದ್ದ ಒಂದೆರಡು ಕಡೆ ಡೊಬ್. ಕಿಟಕಿಯ ಕೆಳಗೆ ಅವನ ಕೈ ನಿಂತಿತು.

"ಡೊಬ್ ಅಂದಿದ್ದನ್ನ ಮಾತ್ರ ಕೀಳೋಣ ಸ್ವಾಮಿ. ಪೂರ್ತಿ ಬೇಡ. ಇಲ್ಲಿ ಯಾರೋ ಮಾಟ ಕಟ್ಟಿಟ್ಟಿದಾರೆ."

"ಏನನ್ನ ಕಟ್ಟಿದಾರಂತೆ?"

"ಹೊಟ್ಟೆಕಿಚ್ಚನ್ನ."

ದರ್ಜಿ ಪಕಪಕ ನಕ್ಕ. "ಹಲ್ಲು ಹುಟ್ಟಿದಾಗಿಂದ ಊರೋರ ಬಟ್ಟೆಗೆ ತೇಪೆ ಹಾಕಿದೀನಿ ಮೇಸ್ತ್ರಿ. ನನ್ನ ಮನೆಗೂ ತೇಪೆನಾ? ಎಲ್ಲಾ ಕಿತ್ತು ಸಿಮೆಂಟು ಬಳೀರಿ."

ಮೇಸ್ತ್ರಿ ಕರಣೆಯನ್ನು ಚೀಲಕ್ಕೆ ಹಾಕಿಕೊಂಡ. "ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ."

ಬೇರೆಯವರು ಬಂದರು. ಹಳೆಯ ಗಾರೆ ಧೊಪ್ಪಧೊಪ್ಪನೆ ಉದುರಿತು. ಕಿಟಕಿಯ ಕೆಳಗಿನಿಂದ ಸುಟ್ಟ ಕೂದಲಿನ ನಾತ ಎದ್ದಿತು. ಕಪ್ಪು ದಾರ ಸುತ್ತಿದ ತಾಮ್ರದ ತಗಡು, ಅದರ ತುಂಬ ತುಕ್ಕು ಹಿಡಿದ ಮೊಳೆ. ದರ್ಜಿ ಅದನ್ನೆತ್ತಿ ಅಣ್ಣನ ಅಂಗಳಕ್ಕೆ ಎಸೆದ. "ಇದೂ ಅವನಿಗೇ ಇರ್ಲಿ."

ಏಳು ದಿನಕ್ಕೆ ಗೋಡೆ ನುಣ್ಣಗಾಯಿತು. ಎಂಟನೆಯ ದಿನ ಬೆವರಿತು. ಸುಡುವ ಮಧ್ಯಾಹ್ನ ಕಿಟಕಿಯ ಕೆಳಗೆ ಅಂಗೈಯಗಲದ ತೇವ. ಮರುದಿನ ಅದಕ್ಕೆ ತೋಳು ಮೂಡಿತು. ಆಮೇಲೆ ಭುಜ. ಆಮೇಲೆ ಕತ್ತು. ಹೊರಗೆ ಬಿಸಿಲು ಹೊಡೆಯುತ್ತಿದ್ದರೂ ಕೋಣೆಯೊಳಗೆ ಕತ್ತಲೆ ಹೆಪ್ಪುಗಟ್ಟಿತು.

ಹೆಂಡತಿ ಸೆರಗಿನಿಂದ ಮೂಗು ಮುಚ್ಚಿಕೊಂಡಳು. "ರೀ, ಗೋಡೆ ಉಸಿರಾಡ್ತಿದೆ. ಭಾವನ್ನ ಕರೀರಿ."

"ಅವನು ನಗ್ತಾನೆ. ಸತ್ರೂ ಕರೆಯಲ್ಲ."

ದರ್ಜಿ ಹೊರಗೆ ಹೋಗಿ ಗೆಣ್ಣಿನಿಂದ ತಟ್ಟಿದ. ಡೊಬ್. ಪಕ್ಕದಲ್ಲಿ ತಟ್ಟಿದ. ಡೊಬ್. ಕೈ ಇಳಿಸಿದ. ಸದ್ದು ನಿಲ್ಲಲಿಲ್ಲ. ಗೋಡೆಯೊಳಗಿನಿಂದ ಯಾರೋ ತಟ್ಟುತ್ತಿದ್ದರು. ಕಿವಿಯಿಟ್ಟ. ಅವನದೇ ದನಿ. "ಅಣ್ಣನ ಗೋಡೆ. ಅಣ್ಣನ ಗೋಡೆ." ಕೆನ್ನೆ ಅಂಟಿಕೊಂಡಿತು. ಕಾಲು ಏಳಲಿಲ್ಲ. ಸಿಮೆಂಟು ಉಬ್ಬಿತು. ಬಿರುಕು ಓಡಿತು. ಅಣ್ಣ ಬೇಲಿ ಹಾರಿ ಬಂದ. ತಮ್ಮನನ್ನು ನೂಕಿದ. ಗೋಡೆಯ ಮುಖವೇ ಕಳಚಿ ಬಿತ್ತು. ದರ್ಜಿ ಉಳಿದ. ಅಣ್ಣನ ಬಲಗೈ ಅಡಿಯಲ್ಲಿತ್ತು. ಮೂರು ಬೆರಳು ಹೋದವು.

"ಚಿಕ್ಕಪ್ಪ," ಎಂದಳು ಅಣ್ಣನ ಮಗಳು. "ನೀವೂ ದರ್ಜಿನೇ. ಅಪ್ಪನಿಗೂ ಬಲಗೈಲಿ ಮೂರು ಬೆರಳಿಲ್ಲ. ಬಸ್ಸಿನ ಬಾಗಿಲಿಗೆ ಸಿಕ್ತು ಅಂತಾರೆ ಅಪ್ಪ. ಯಾರು ಸುಳ್ಳು ಹೇಳ್ತಿರೋದು?"

ನಾನು ಅವಳ ಕಡೆಗೆ ತಿರುಗಿ ಕೂತೆ.

"ಇಬ್ರೂ ಕಣಮ್ಮ. ಅವನು ನನ್ನ ಮಾನ ಉಳಿಸೋಕೆ ಹೇಳ್ದ, ನಾನೂ ಅದಕ್ಕೇ ಹೇಳ್ದೆ. ತಗಡೂ ಇರ್ಲಿಲ್ಲ, ದನಿಯೂ ಇರ್ಲಿಲ್ಲ. ಸುಣ್ಣದ ಗೋಡೆ ಮೇಲೆ ಸಿಮೆಂಟು ಬಳಿದ್ರೆ ತೇವ ಒಳಗೇ ಸಿಕ್ಕಾಕೊಳ್ಳುತ್ತೆ, ಎಲ್ಲಾ ಕಳಚುತ್ತೆ ಅಂದಿದ್ದ ಮೇಸ್ತ್ರಿ. ಅಷ್ಟೇ."

"ಮತ್ತೆ ಅಪ್ಪ ಬೇಲಿ ಹಾರಿ ಬಂದಿದ್ದು?"

"ಹಾರಿ ಬರ್ಲಿಲ್ಲ. ನಾನೇ ಕರೆದೆ. ತೇವ ಕಾಣದ ಹಾಗೆ ಬಣ್ಣ ಬಳಿದಿದ್ದೆ. ಅವತ್ತು ಬೆಳಿಗ್ಗೆ ತಟ್ಟಿ ನೋಡಿದ್ದೆ, ಗೋಡೆಯೆಲ್ಲಾ ಡೊಬ್ ಅಂತಿತ್ತು. ಆದ್ರೂ ಕರೆದೆ. ಬಾ ಅಣ್ಣ, ನಿನ್ನದಕ್ಕಿಂತ ನುಣುಪಾಗಿದೆ, ಕೈಯಿಟ್ಟು ನೋಡು ಅಂದೆ. ಇಟ್ಟ."