ಭೂತನಾಥನ ಎರಡು ಫೋಟೊ

ಅನಂತ ಸರ್ ಅಂಥ ದುಬಾರಿ ಕ್ಯಾಮೆರಾ ಕೊಂಡದ್ದು ಹಿತ್ತಲಿನ ದಾಸವಾಳದ ಫೋಟೊ ತೆಗೆಯಲಿಕ್ಕೆ ಎಂದು ತಿಳಿದ ದಿನ ಸಂಗಮೇಶನ ಹೊಟ್ಟೆಗೆ ಕಿಚ್ಚು ಬಿತ್ತು. ಹದಿನೈದು ವರ್ಷದಿಂದ ವಿದ್ಯಾಗಿರಿಯಲ್ಲಿ ಸ್ಟುಡಿಯೊ ಇಟ್ಟು ಬಾಗಲಕೋಟೆಯ ಅರ್ಧ ಊರಿನ ಮದುಮಕ್ಕಳನ್ನು ನಗಿಸಿದವನು ಅವನು. ಅವನ ಕೈಯಲ್ಲಿ ಅದೇ ಹಳೆಯ ಕ್ಯಾಮೆರಾ. ಕಾಲೇಜಿನಲ್ಲಿ ಅವನಿಗೆ ಗಣಿತ ಕಲಿಸಿ, ಈಗ ನಿವೃತ್ತರಾದ ಗುರುಗಳ ಕೈಯಲ್ಲಿ ಮೀಡಿಯಂ ಫಾರ್ಮ್ಯಾಟ್. ಇದು ಅನ್ಯಾಯವಲ್ಲದೆ ಮತ್ತೇನು?

ಮೀಡಿಯಂ ಫಾರ್ಮ್ಯಾಟ್ ಅಂದರೆ ಬೆಳಕು ಹಿಡಿಯುವ ಸೆನ್ಸರ್ ಬೇರೆಯವಕ್ಕಿಂತ ದೊಡ್ಡದಿರುವ ಕ್ಯಾಮೆರಾ. ಒಂದು ಕಾಲಕ್ಕೆ ಮನೆ ಮಾರಿ ಕೊಳ್ಳಬೇಕಿದ್ದ ಈ ವಸ್ತು ಈಗ ಸೆಕೆಂಡ್‌ಹ್ಯಾಂಡಿನಲ್ಲಿ ಮೋಟರ್‌ಸೈಕಲ್ಲಿನ ಬೆಲೆಗೆ ಸಿಗುತ್ತದೆ. ಕೊಳ್ಳಬೇಕೋ ಬೇಡವೋ ಎಂದು ಜಿಲ್ಲೆಯ ಫೋಟೊಗ್ರಾಫರುಗಳ ವಾಟ್ಸಾಪ್ ಗುಂಪಿನಲ್ಲಿ ಎರಡು ವರ್ಷದಿಂದ ಜಗಳ ನಡೆದಿತ್ತು. ಬೇಡ ಅನ್ನುವ ಪಕ್ಷದ ಮುಖಂಡ ಸಂಗಮೇಶನೇ. ಭಾರ ಜಾಸ್ತಿ, ಫೋಕಸ್ ನಿಧಾನ, ಲೆನ್ಸು ದುಬಾರಿ ಎಂದು ಅವನು ಗಂಟೆಗಟ್ಟಲೆ ಹೇಳಬಲ್ಲವನಾಗಿದ್ದ. "ಎಲ್ಲಾರೂ ಮೊಬೈಲ್‌ನಾಗ ನೋಡವ್ರು. ಫರಕು ಯಾರಿಗೆ ಕಾಣ್ತೈತ್ರಿ?" ಎನ್ನುವುದು ಅವನ ಕೊನೆಯ ಬಾಣ. ಹಾಗೆಂದು ಬರೆದು, ಮರುಕ್ಷಣ ಅದೇ ಕ್ಯಾಮೆರಾದ ಜಾಹೀರಾತು ತೆರೆದು ಜೊಲ್ಲು ಸುರಿಸುತ್ತಿದ್ದ.

ಹೀಗಿರುವಾಗ ಇಳಕಲ್ಲಿನ ಸೀರೆ ವ್ಯಾಪಾರಿ ಅಮಾತೆಪ್ಪ ಫೋನು ಮಾಡಿದ. "ಸೀರಿ ದಡಿಯೊಳಗ ಎಳಿ ಎಳಿ ಕಾಣಬೇಕಪಾ. ಅಂಥಾ ಫೋಟೊ ತಗದ್ರ ವರ್ಷದ ಕ್ಯಾಟಲಾಗ್ ಪೂರಾ ನಿಂದ. ಆಗೂದಿಲ್ಲಂದ್ರ ಹೇಳಿಬಿಡು, ಹುನಗುಂದದ ಫೋಟೊಗ್ರಾಫರ್ ಅರ್ಷದ ಆ ದೊಡ್ಡ ಕ್ಯಾಮೆರಾ ತರಸಾಕತ್ತಾನಂತ." ಹತ್ತು ದಿನದ ವಾಯಿದೆ. ಹೊಸದು ಕೊಳ್ಳೋಣವೆಂದರೆ ಹೆಂಡತಿ ಸುನಂದಾ ಒಪ್ಪುವ ಮಾತೇ ಇಲ್ಲ. ಬೇಡ ಅನ್ನುವ ವಾದವನ್ನೆಲ್ಲ ಅವಳ ಮುಂದೆಯೇ ಮಾಡಿ ಗೆದ್ದಿದ್ದ.

ಆಗಲೇ ಸರ್ ತಾವಾಗಿ ಸ್ಟುಡಿಯೊದ ಮೆಟ್ಟಿಲು ಹತ್ತಿ ಬಂದರು. "ಸಂಗಮೇಶ, ನೀ ಇದರಾಗ ತಿಳಿದಾಂವ. ಖರೆ ಹೇಳು, ಈ ಕ್ಯಾಮೆರಾ ತಗೊಂಡು ನಾ ತಪ್ಪು ಮಾಡಿದ್ನೇನು?"

"ಮಾತಿನ್ಯಾಗ ಹೇಳಿದ್ರ ನೀವು ನಂಬೂದಿಲ್ರಿ ಸರ್. ಪರೀಕ್ಷಾ ಮಾಡೇ ನೋಡೂಣು," ಎಂದ ಸಂಗಮೇಶ. ಆ ಮಾತು ಮುಗಿಯುವಷ್ಟರಲ್ಲಿ ಯೋಜನೆ ತಲೆಯಲ್ಲಿ ಸಿದ್ಧವಾಗಿತ್ತು.

ಒಂದೇ ಜಾಗ, ಒಂದೇ ಸ್ಟ್ಯಾಂಡು, ಒಂದೇ ಬೆಳಕು. ಎರಡು ಕ್ಯಾಮೆರಾದಿಂದ ಒಂದೊಂದು ಫೋಟೊ. ಪ್ರಿಂಟ್ ಹಾಕಿ ಹಿಂದೆ ಹೆಸರು ಬರೆಯುವಾಗ ಅದಲು ಬದಲು ಮಾಡುವುದು, ಅಷ್ಟೇ. ತಮ್ಮ ಕ್ಯಾಮೆರಾ ದಂಡವೆಂದು ಸರ್ ಕಣ್ಣಾರೆ ಕಂಡು ಕೊರಗುವಾಗ, ಗುರುವಿನ ಸಂಕಟ ನೋಡಲಾರದ ಶಿಷ್ಯ ತನ್ನ 'ಉತ್ತಮ' ಕ್ಯಾಮೆರಾವನ್ನು ಬದಲಿಗೆ ಕೊಟ್ಟು ಆ ದಂಡದ ವಸ್ತುವನ್ನು ತಾನಿಟ್ಟುಕೊಳ್ಳುತ್ತಾನೆ. ಕಳ್ಳನಿಗೆ ಮಾಲಿನ ಜೊತೆ ಆಶೀರ್ವಾದವೂ ಸಿಗುವ ಕಳ್ಳತನವನ್ನು ತಾನೊಬ್ಬನೇ ಕಂಡುಹಿಡಿದೆನೆಂದು ಅವನಿಗೆ ಹೆಮ್ಮೆಯಾಯಿತು.

ಭಾನುವಾರ ಬೆಳಿಗ್ಗೆ ಬಾದಾಮಿಗೆ ಹೊರಟರು. ಸರ್ ಹೆಂಡತಿ ತುಳಸೀಬಾಯಿಯೂ ಬಂದರು. ವಾಪಸು ಬರುವಾಗ ಚೊಳಚಗುಡ್ಡಕ್ಕೆ ಹೋಗಿ ಬನಶಂಕರಿಗೆ ಉಡಿ ತುಂಬುವುದಿತ್ತು. ಅಗಸ್ತ್ಯ ತೀರ್ಥದ ದಂಡೆಯಲ್ಲಿ ಸ್ಟ್ಯಾಂಡು ನಿಂತಿತು. ಆಚೆ ತುದಿಯಲ್ಲಿ ಭೂತನಾಥನ ಗುಡಿ, ನೀರಲ್ಲಿ ಅದರ ನೆರಳು, ಬದಿಯ ಮೆಟ್ಟಿಲುಗಳ ಮೇಲೆ ಅರಿವೆ ಒಗೆಯುವ ಹತ್ತಾರು ಹೆಂಗಸರು. ಮೊದಲು ಹಳೆಯ ಕ್ಯಾಮೆರಾ. ಐದು ನಿಮಿಷ ಬಿಟ್ಟು ಅದೇ ಸ್ಟ್ಯಾಂಡಿನ ಮೇಲೆ ಸರ್ ಕ್ಯಾಮೆರಾ. ಅದರ ಶಟರ್ ಸದ್ದು ಕೇಳಿಯೇ ಸಂಗಮೇಶನಿಗೆ ಅದು ಆಗಲೇ ತನ್ನದೆನ್ನಿಸಿತು.

ಸ್ಟುಡಿಯೊಗೆ ಬಂದು ಒಂದೊಂದೇ ಸುಳಿವು ಅಳಿಸಿದ. ಸರ್ ಕ್ಯಾಮೆರಾದ ಚಿತ್ರ ಗಿಡ್ಡ, ಹಳೆಯದರದು ಉದ್ದ. ಎರಡನ್ನೂ ಚೌಕಾಕಾರಕ್ಕೆ ಕತ್ತರಿಸಿದ. ಬಣ್ಣಗಳನ್ನು ಒಂದಕ್ಕೊಂದು ಹೊಂದಿಸಿದ. ಯಾವ ಕ್ಯಾಮೆರಾ ಎಂದು ಫೈಲಿನೊಳಗೆ ಬರೆದಿರುತ್ತದಲ್ಲ, ಅದಕ್ಕೆಂದೇ ಕಾಗದದ ಪ್ರಿಂಟ್ ಮಾತ್ರ ಕೊಡುವುದೆಂದು ಇಟ್ಟುಕೊಂಡ. ಚಿಕ್ಕ ಪ್ರಿಂಟಿನಲ್ಲಿ ಫರಕು ಕಾಣುವುದಿಲ್ಲ, ತನ್ನ ಕೊನೆಯ ಬಾಣ ಅಷ್ಟರಮಟ್ಟಿಗೆ ಖರೆಯೇ. ಆದ್ದರಿಂದ ಎರಡೂವರೆ ಅಡಿಯ ಪ್ರಿಂಟ್ ಹಾಕಿದ. ಗುಡಿಯ ಗೋಪುರದ ಕಲ್ಲುಕಲ್ಲನ್ನೂ ಭೂತಗನ್ನಡಿ ಹಿಡಿದು ಹೋಲಿಸಿದ. ಒಂದರಲ್ಲಿ ಕಲ್ಲಿನ ಬಿರುಕೂ ಕಾಣುತ್ತಿತ್ತು, ಇನ್ನೊಂದರಲ್ಲಿ ಬರೀ ಕಂದು ಬಣ್ಣ. ಹೆಸರುಗಳನ್ನು ಅದಲು ಬದಲಾಗಿ ಬರೆದ.

ಮರುದಿನ ಸರ್ ಮನೆಯ ಪಡಸಾಲೆಯಲ್ಲಿ ಎಲ್ಲ ಅಂದುಕೊಂಡಂತೆಯೇ ನಡೆಯಿತು. ಸರ್ ಎರಡರಲ್ಲೂ ಗುಡಿಯನ್ನು ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. ಹಿಂದಿನ ಹೆಸರು ಓದಿ ಕನ್ನಡಕ ತೆಗೆದು ಒರೆಸಿಕೊಂಡರು.

"ಹೂವಿನ ಎಸಳಿನ ಮ್ಯಾಲಿನ ಧೂಳು ಸುದ್ದಾ ಹಿಡೀತದ ಅಂತ ನಾ ಖುಷಿಪಟ್ಟಿದ್ದೆ," ಎಂದರು. "ಬರೇ ಭ್ರಮಾ ಆತಲ್ಲೋ."

ಸಂಗಮೇಶನಿಗೆ ಅರೆಕ್ಷಣ ನಾಚಿಕೆಯಾದದ್ದು ಹೌದು. ಆದರೆ ಅರ್ಷದನ ನೆನಪಾಗಿ ನಾಚಿಕೆ ಹಿಂದಕ್ಕೆ ಸರಿಯಿತು.

"ಮನಸಿಗೆ ಹಚ್ಚಿಕೋಬ್ಯಾಡ್ರಿ ಸರ್. ನನ್ನ ಕ್ಯಾಮೆರಾ ನೀವು ತಗೊಳ್ರಿ. ಇದು ನನ್ನ ಕಡೆ ಇರಲಿ, ಹೆಂಗೂ ನಡಸ್ಕೋತೇನಿ."

"ಅದರಾಗ ನಿಂಗ ನುಕ್ಸಾನಲ್ಲೋ?"

"ಗುರುಗಳಿಗೆ ಇಷ್ಟರೆ ಮಾಡಬೇಕಲ್ರಿ."

ಸರ್ ಕಣ್ಣು ತುಂಬಿ ಬಂದವು. ತಾವೇ ಎದ್ದು ಹೋಗಿ ಕ್ಯಾಮೆರಾವನ್ನು ಚೀಲ ಸಮೇತ ತಂದು ಅವನ ಕೈಗಿತ್ತು, ತಲೆಯ ಮೇಲೆ ಕೈಯಿಟ್ಟರು. ಚೀಲದ ಭಾರಕ್ಕೆ ಹೆಗಲು ಜಗ್ಗಿದ್ದೂ ಸಂಗಮೇಶನಿಗೆ ಹಿತವಾಗಿತ್ತು. ಇಷ್ಟರಲ್ಲಿ ತುಳಸೀಬಾಯಿ ಅವಲಕ್ಕಿಯ ತಾಟು ಹಿಡಿದು ಹೊರಬಂದರು.

ಫೋಟೊ ಕಂಡರೆ ಯಾರಾದರೂ ಮೊದಲು ಹುಡುಕುವುದು ತಮ್ಮನ್ನೇ. ತುಳಸೀಬಾಯಿಯೂ ತಾಟು ಇಟ್ಟು, ಭೂತಗನ್ನಡಿ ಎತ್ತಿಕೊಂಡು ಹಾಗೇ ಮಾಡಿದರು. ಗುಡಿ ಬಿಟ್ಟು, ನೀರು ಬಿಟ್ಟು, ಸಂಗಮೇಶ ಒಮ್ಮೆಯೂ ನೋಡದ ಮೆಟ್ಟಿಲುಗಳ ಮೇಲೆ ಬೆರಳಾಡಿಸಿದರು. ಒಂದರಲ್ಲಿ ಸಿಗಲಿಲ್ಲ. ಸಂಗಮೇಶನ ಹೆಸರಿದ್ದ ಇನ್ನೊಂದರಲ್ಲಿ, ಒಗೆಯುವವರ ನಡುವೆ, ನೆರಳು ಹುಡುಕಿ ಕೂತ ಕಡಲೆಕಾಳಿನಷ್ಟು ತುಳಸೀಬಾಯಿ ಸಿಕ್ಕರು. "ಅಯ್ಯ, ನನ್ನ ಸೆರಗಿನ ದಡಿನೂ ಕಾಣ್ತದಲ್ರಿ," ಎಂದು ಹಿಗ್ಗಿ ಭೂತಗನ್ನಡಿಯನ್ನು ಗಂಡನ ಕೈಗೆ ಕೊಟ್ಟರು. ಸರ್ ಬಗ್ಗಿ ನೋಡಿದರು. ಮತ್ತೊಮ್ಮೆ ನೋಡಿದರು. ಬಾದಾಮಿಯ ಮಂಗಗಳ ಮುಂದೆ ಯಾರೂ ಏನನ್ನೂ ನೆಲಕ್ಕಿಡುವುದಿಲ್ಲ. ಭಾನುವಾರ ಸರ್ ಕ್ಯಾಮೆರಾ ಸ್ಟ್ಯಾಂಡು ಏರಿದಾಗ ಸಂಗಮೇಶ ತನ್ನದನ್ನು, "ಕಾಕು, ಜ್ವಾಕಿರಿ," ಎಂದು ತುಳಸೀಬಾಯಿಯ ಕೈಗೆ ತಾನೇ ಕೊಟ್ಟಿದ್ದ. ಅದನ್ನು ಹಿಡಿದುಕೊಂಡೇ ಅವರು ಮೆಟ್ಟಿಲುಗಳ ಕಡೆ ಹೋಗಿದ್ದರು. ಸರ್ ಎದ್ದು ಬಂದು ಅವನ ಹೆಗಲಿನ ಚೀಲವನ್ನು ಮೆಲ್ಲಗೆ ಇಳಿಸಿಕೊಂಡರು. "ಗಣಿತದಾಗ ನೀ ಮೊದಲಿನಿಂದ ಕಚ್ಚಾ. ಅದಕ್ಕ ನೀನ ಬಿಡಿಸಿ ಹೇಳು," ಎಂದರು. "ಈ ಫೋಟೊ ನಿನ್ನ ಕ್ಯಾಮೆರಾ ತಗದದ್ದು ಅಂದ್ರ, ಅದ ಕ್ಯಾಮೆರಾ ಈಕಿ ತೊಡಿ ಮ್ಯಾಲ ಹೆಂಗ ಕೂತದ?"