ಕೊನೆಯ ಅಂಕಿ

ಇದನ್ನು ಬರೆಯುವಾಗಲೂ ಒಂದೊಂದು ಅಂಕಿಯನ್ನು ಎರಡೆರಡು ಸಲ ನೋಡುತ್ತಿದ್ದೇನೆ.

ನಮ್ಮದು ಬೆಟ್ಟ ಹತ್ತುವವರ ಆಟ. ಒಬ್ಬರು ಸಣ್ಣ ಪೆಟ್ಟಿಗೆ ಬಚ್ಚಿಟ್ಟು, ಜಾಗದ ಅಕ್ಷಾಂಶ-ರೇಖಾಂಶದ ಅಂಕಿಗಳನ್ನು ಕೊಡುತ್ತಾರೆ. ಫೋನ್ ಹಿಡಿದು ಹುಡುಕಿದವರು ಪೆಟ್ಟಿಗೆಯೊಳಗಿನ ಪುಸ್ತಕದಲ್ಲಿ ಹೆಸರು, ತಾರೀಖು ಬರೆಯುತ್ತಾರೆ. ನಾನು ಮೊದಲ ಸಲ ಬಚ್ಚಿಟ್ಟಾಗ, ನಾಲ್ಕು ಸಲ ಪರೀಕ್ಷಿಸಿಯೂ, ಕೊನೆಯಲ್ಲಿ 3ರ ಬದಲು 8 ಹಾಕಿದ್ದೆ. ಹತ್ತು ಹೆಜ್ಜೆಯ ವ್ಯತ್ಯಾಸ. ಹುಡುಕಲು ಹೋದ ಭಾವ ಮಂಜಿನಲ್ಲಿ ಕಲ್ಲುಕ್ವಾರಿಗೆ ಬಿದ್ದು ಸತ್ತರು.

ಅಂದೇ ಅಂಕಿ ತಿದ್ದಿದೆ. ಯಾರಿಗೂ ಹೇಳಲಿಲ್ಲ.

"ಹೆಜ್ಜೆ ಎಣಿಸಿ ಇಡೋ ಮನುಷ್ಯ ಕಣೋ ಅವ್ರು. ಅಲ್ಲಿಗ್ಯಾಕೆ ಹೋದ್ರು?" ಎಂದಳು ಅಕ್ಕ.

"ಭಾವಂಗೆ ಯಾವಾಗ್ಲೂ ಆತುರ ಅಲ್ವೇನಕ್ಕ," ಎಂದೆ.

ಮರುವಾರ ಪೆಟ್ಟಿಗೆ ತರಲು ಹೋದೆ. ಬಂಡೆಯ ನೆರಳಿನಲ್ಲಿದ್ದರೂ ಅದು ಅಂಗೈಯಂತೆ ಬೆಚ್ಚಗಿತ್ತು. ನಾನಿಟ್ಟಿದ್ದ ಹೊಸ ಪೆನ್ಸಿಲ್ ಹೆಬ್ಬೆರಳುದ್ದಕ್ಕೆ ಸವೆದಿತ್ತು. ಪುಸ್ತಕದ ಪ್ರತಿ ಪುಟದ ತುಂಬ ಭಾವನ ದುಂಡು ಕೈಬರಹದಲ್ಲಿ ಒಂದೇ ಅಂಕಿ, 8. ಕೊನೆಯ ಪುಟದಲ್ಲಿ ಅವರ ಹೆಸರು, ಜೊತೆಗೆ ನಾನು ಹೋದ ಆ ದಿನದ್ದೇ ತಾರೀಖು. ಪುಸ್ತಕವನ್ನು ಅಲ್ಲೇ ಸುಟ್ಟು, ಪೆಟ್ಟಿಗೆಯನ್ನು ಬಿಟ್ಟು ಬಂದೆ.

ಇಂದು ಬೆಳಿಗ್ಗೆ ಅಕ್ಕ ಫೋನ್ ತೋರಿಸಿದಳು.

"ನೋಡೋ, ಯಾರೋ ನೀನಿಟ್ಟ ಆ ಪೆಟ್ಟಿಗೆ ಇರೋ ಜಾಗ ಕಳ್ಸಿದಾರೆ. ನಾಳೆ ಒಬ್ಳೇ ಹೋಗಿ ಅವ್ರ ಹೆಸರು ಬರೆದು ಬರ್ತೀನಿ. ಅಂಕಿ ಸರಿಯಾಗಿದೆಯಾ?"

ಕೊನೆಯಲ್ಲಿ 8 ಇತ್ತು. ತಪ್ಪೆಂದರೆ, ಅವರಿಗೂ ಇದೇ ಅಂಕಿ ಕೊಟ್ಟಿದ್ದೆಯಾ ಎಂದು ಕೇಳುತ್ತಾಳೆ.

"ಸರಿಯಾಗಿದೆ ಅಕ್ಕ," ಎಂದೆ.